ಮನುಕಾವ್ ಮಳೆ: ವೃಷ್ಟಿಚಾರಿತ್ರಿಕ ಅನುಸಂಧಾನಕ್ಕೊಂದು ಸೈದ್ಧಾಂತಿಕ ಪೂರ್ವಪೀಠಿಕೆ

1. ಪೂರ್ವಪೀಠಿಕೆಗೆ ಪೀಠಿಕೆ

ಹವಾಮಾನವೆಂಬ ಕಥನವು ಚರಿತ್ರೆಯೆಂಬ ಸಂಕಥನದೊಳಗೆ ಹೇಗೆ ಅಂತರ್ಗತವಾಗುತ್ತದೆ, ಅಂತರ್ಗತವಾಗುತ್ತಲೇ ಅದನ್ನು ಹೇಗೆ ಪುನಾರಚಿಸುತ್ತದೆ, ಪುನಾರಚಿಸುತ್ತಲೇ ತಾನೂ ಹೇಗೆ ನಿರಚನಗೊಳ್ಳುತ್ತದೆ ಎಂಬುದು ಪ್ರಸ್ತುತ ಪ್ರಬಂಧದ ಮೂಲ ಸಮಸ್ಯೆ. ಸರಳವಾಗಿ ಕೇಳುವುದಾದರೆ, ಜೋರು ಮಳೆ ಬಂದರೆ ಏನಾಗುತ್ತದೆ? ಆದರೆ ಸರಳವಾಗಿ ಕೇಳಿದರೆ ಸಂಶೋಧನಾ ಅನುದಾನ ಬರುವುದಿಲ್ಲ.

ಈ ಕ್ಷೇತ್ರದ ಪೂರ್ವಸೂರಿಗಳು ಮೂರು ಘಟನೆಗಳನ್ನು ತಪ್ಪದೆ ಪಠಿಸುತ್ತಾರೆ. 1281ರಲ್ಲಿ ಕುಬ್ಲಾಯ್ ಖಾನನ ಹಡಗುಪಡೆ ಜಪಾನಿನ ಕಡಲಲ್ಲಿ ಬಿರುಗಾಳಿಗೆ ಸಿಕ್ಕಿ ಮುಳುಗಿತು. 1588ರಲ್ಲಿ ಸ್ಪೇನಿನ ಆರ್ಮಡಾ ನೌಕಾಪಡೆ ಬಿರುಗಾಳಿಗಳಿಗೆ ಚದುರಿಹೋಯಿತು. 1812ರಲ್ಲಿ ನೆಪೋಲಿಯನ್ನನ ಸೇನೆ ರಷ್ಯದ ಚಳಿಗೆ ಕರಗಿತು. ಇವುಗಳಿಂದ ನಿಷ್ಪನ್ನವಾಗುವ ಪ್ರಥಮ ಸೂತ್ರ: ದೊಡ್ಡವರು ಸೋತರೆ ತಪ್ಪು ಹವೆಯದು. ಉಪಸೂತ್ರ: ಸಣ್ಣವರ ಮನೆಗೆ ನೀರು ನುಗ್ಗಿದರೆ ತಪ್ಪು ಅಲ್ಲಿ ಮನೆ ಮಾಡಿದವರದು.

2. ಕ್ಷೇತ್ರ ನಿರ್ದೇಶನ

ಕ್ಷೇತ್ರಕಾರ್ಯಕ್ಕೆ ಆರಿಸಿಕೊಂಡದ್ದು ನ್ಯೂಜಿಲೆಂಡಿನ ಮನುಕಾವ್. 2010ರವರೆಗೆ ಇದು ತನ್ನದೇ ನಗರಸಭೆಯಿದ್ದ ನಗರ, ಆಮೇಲೆ ಆಕ್ಲೆಂಡ್ ಕೌನ್ಸಿಲ್ಲಿನಲ್ಲಿ ಲೀನ. ಮಾಂಗೆರೆ, ಪಾಪಟೊಯ್ಟೊಯ್, ವಿರಿ ಇದರ ಪ್ರಮುಖ ಪಠ್ಯಗಳು. ಇಲ್ಲಿ ಮಾವೋರಿಗಳು, ಸಮೋವಾ ಮತ್ತು ಟೊಂಗಾದವರು, ಭಾರತೀಯರು ವಾಸಿಸುತ್ತಾರೆ. ಸಂಕಿರಣಗಳ ಭಾಷೆಯಲ್ಲಿ ಇವರನ್ನು ‘ದುರ್ಬಲತಾ ಪ್ರವಣ ಸಮುದಾಯಗಳು’ ಎನ್ನುತ್ತಾರೆ. ಅವರನ್ನೇ ಕೇಳಿದರೆ, ಬಾಡಿಗೆ ಕಟ್ಟುವವರು ಎಂದಾರು.

3. ವರ್ಗೀಕರಣ

(ಅ) ನಿರ್ವೃಷ್ಟಿಜನ್ಯ ದುರಂತ: 1863ರ ಫೆಬ್ರವರಿ 7ರಂದು ಬ್ರಿಟಿಷ್ ಯುದ್ಧನೌಕೆ ‘ಆರ್ಫಿಯಸ್’ ಮನುಕಾವ್ ಕೊಲ್ಲಿಯ ಬಾಯಲ್ಲಿ ಮರಳ ದಿಬ್ಬಕ್ಕೆ ಬಡಿದು ಒಡೆಯಿತು. ಇದ್ದ 259 ಜನರಲ್ಲಿ 189 ಜನ ಸತ್ತರು. ಹವೆ ತಿಳಿಯಾಗಿತ್ತು. ಮರಳು ಜಾಗ ಬದಲಿಸಿತ್ತು, ಹಡಗಿನವರು ನಂಬಿದ್ದು ಹಳೆಯ ನಕ್ಷೆಯನ್ನು. ಹವಾಮಾನ ನಿಯತಿವಾದಕ್ಕೆ ಈ ಪ್ರಕರಣ ಮುಜುಗರ ತರುವುದರಿಂದ ವಿದ್ವಾಂಸರು ಇದನ್ನು ಅಡಿಟಿಪ್ಪಣಿಗೆ ತಳ್ಳುತ್ತಾರೆ.

(ಆ) ಆವರ್ತವಾತಜನ್ಯ ದುರಂತ: 2021ರ ಜೂನ್ 19ರ ಬೆಳಿಗ್ಗೆ ಪಾಪಟೊಯ್ಟೊಯ್ ಮೇಲೆ ಸುಂಟರಗಾಳಿ ಎರಗಿತು. ಸಾವಿರಕ್ಕೂ ಹೆಚ್ಚು ಮನೆಗಳಿಗೆ ಹಾನಿಯಾಯಿತು, ವಿರಿಯ ಕಂಟೈನರ್ ಅಂಗಳದಲ್ಲಿ ಒಬ್ಬ ಕೆಲಸಗಾರ ಸತ್ತರು. ನೆಪೋಲಿಯನ್ ಪಾಲ್ಗೊಳ್ಳದ ಕಾರಣ ಚರಿತ್ರೆ ಇದನ್ನು ಗಮನಿಸಲಿಲ್ಲ.

(ಇ) ಅತಿವೃಷ್ಟಿಜನ್ಯ ದುರಂತ: 2023ರ ಜನವರಿ 27, ಶುಕ್ರವಾರ. ಮಾಂಗೆರೆಯ ಪಕ್ಕದ ವಿಮಾನ ನಿಲ್ದಾಣದಲ್ಲಿ ಒಂದೇ ದಿನ ಸುಮಾರು 245 ಮಿ.ಮೀ. ಮಳೆ. ಅದಕ್ಕೂ ಮುಂಚಿನ ದಾಖಲೆ 1985ರದು, ಸುಮಾರು 162. ಟರ್ಮಿನಲ್ಲಿನೊಳಗೆ ನೀರು ನಿಂತಿತು, ಎಲ್ಟನ್ ಜಾನ್ ಸಂಗೀತ ಕಛೇರಿ ರದ್ದಾಯಿತು, ಆಕ್ಲೆಂಡಿನಲ್ಲಿ ನಾಲ್ವರು ಸತ್ತರು. ತುರ್ತುಸ್ಥಿತಿ ಸಾರಿದ ಸುದ್ದಿ ಜನರಿಗೆ ತಲುಪಿದಾಗ ರಾತ್ರಿ ಹತ್ತು ದಾಟಿತ್ತು. ಹೊಳೆ ಅಷ್ಟರಲ್ಲಿ ತನ್ನ ತುರ್ತುಸ್ಥಿತಿಯನ್ನು ತಾನೇ ಸಾರಿಕೊಂಡಿತ್ತು.

(ಈ)ಯಿಂದ (ಳ)ವರೆಗಿನ ವರ್ಗಗಳನ್ನು ಕೈಬಿಡಲಾಗಿದೆ. ಈ ಕಲೆಯಲ್ಲಿ ಸರ್ಕಾರವೇ ನಮ್ಮನ್ನು ಮೀರಿಸಿರುವುದರಿಂದ ನಮ್ಮ ವರ್ಗೀಕರಣಕ್ಕೆ ಇನ್ನು ಕೆಲಸವಿಲ್ಲ.

4. ಸರ್ಕಾರಿ ವರ್ಗೀಕರಣ ಮೀಮಾಂಸೆ

ನೀರು ಇಳಿದ ಮೇಲೆ ಮನೆಗಳಿಗೆ ಮೊದಲು ಬಣ್ಣದ ಚೀಟಿ ಬಂತು: ಕೆಂಪು, ಹಳದಿ, ಬಿಳಿ. ಆಮೇಲೆ ಅಂಕಿ ಬಂತು. ವರ್ಗ 1 ಎಂದರೆ ರಿಪೇರಿ ಮಾಡಿಕೊಂಡು ಇರಿ. 2ಸಿ ಎಂದರೆ ಊರಮಟ್ಟದ ಕಾಮಗಾರಿಯಾದರೆ ಇರಬಹುದು. 2ಪಿ ಎಂದರೆ ನಿಮ್ಮ ಮನೆಯನ್ನೇ ಎತ್ತರಿಸಿಕೊಂಡರೆ ಇರಬಹುದು. 2ಎ ಎಂದರೆ ಇನ್ನೂ ಪರಿಶೀಲಿಸುತ್ತಿದ್ದೇವೆ. ವರ್ಗ 3 ಎಂದರೆ ಜೀವಕ್ಕೇ ಅಪಾಯ, ಮನೆಯನ್ನು ಕೌನ್ಸಿಲ್ ಕೊಂಡುಕೊಳ್ಳುತ್ತದೆ. ಗೋಡೆಯಲ್ಲಿ ಬೂಷ್ಟು ಏರುತ್ತಿರುವಾಗ 2ಎಯಲ್ಲಿ ಕೂತ ಕುಟುಂಬದ ಅಸ್ತಿತ್ವವಾದಿ ಅನಿಶ್ಚಿತತೆಯ ಮೇಲೆ ಪಿಎಚ್‌ಡಿ ಆಗಬೇಕಿದೆ. ಬಾಡಿಗೆದಾರ ಯಾವ ವರ್ಗ? ಕೊಳ್ಳುವುದು ಮನೆಯನ್ನು, ಆದ್ದರಿಂದ ಹಣ ಮಾಲೀಕನಿಗೆ. ಬಾಡಿಗೆದಾರ ವರ್ಗಾತೀತ.

5. ‘ಇನ್ನೂರು ವರ್ಷಕ್ಕೊಮ್ಮೆ’ ಎಂಬ ಮಹಾವಾಕ್ಯ

ಆ ಮಳೆಯನ್ನು ತಜ್ಞರು ಕರೆದದ್ದು ‘ಇನ್ನೂರು ವರ್ಷಕ್ಕೊಮ್ಮೆ ಬರುವಂಥದು’ ಎಂದು. ಭಾಷಣಕಾರರಿಗೆ ಈ ಮಾತು ಬಹಳ ರುಚಿಸಿತು, ಮುಂದಿನದು 2223ಕ್ಕೆ ಎಂಬ ನೆಮ್ಮದಿ ಅದರಲ್ಲಿತ್ತು. ಗೇಬ್ರಿಯೆಲ್ ಚಂಡಮಾರುತ ಮೂರು ವಾರವೂ ಕಾಯದೆ ಫೆಬ್ರವರಿ ಮಧ್ಯದಲ್ಲೇ ಬಂತು. ದೇಶದಲ್ಲಿ ಹನ್ನೊಂದು ಜನ ಸತ್ತರು, ರಾಷ್ಟ್ರೀಯ ತುರ್ತುಸ್ಥಿತಿ ಸಾರಬೇಕಾಯಿತು. ನಿಜಕ್ಕೂ ಆ ಮಾತಿನ ಅರ್ಥ ಇಷ್ಟೇ: ಪ್ರತಿ ವರ್ಷವೂ ಇನ್ನೂರರಲ್ಲಿ ಒಂದು ಪಾಲು ಸಾಧ್ಯತೆ. ಮೂವತ್ತು ವರ್ಷದ ಗೃಹಸಾಲ ತೀರುವುದರೊಳಗೆ ಅಂಥ ಮಳೆ ಒಮ್ಮೆಯಾದರೂ ಬರುವ ಸಾಧ್ಯತೆ ಸುಮಾರು 14 ಪರ್ಸೆಂಟ್, ಅಂದರೆ ಏಳು ಸಾಲಗಾರರಲ್ಲಿ ಒಬ್ಬನ ಪಾಲಿಗೆ. ಹವೆ ಒಂದು ಡಿಗ್ರಿ ಬಿಸಿಯಾದರೆ ಶೇಕಡಾ 7ರಷ್ಟು ಹೆಚ್ಚು ತೇವ ಹಿಡಿದುಕೊಳ್ಳುತ್ತದೆ, ಹಾಗಾಗಿ ಈ ಲೆಕ್ಕವೂ ಹಳೆಯದಾಗುತ್ತಿದೆ. ಬ್ಯಾಂಕಿಗೆ ಇದು ಗೊತ್ತು, ವಿಮೆಯವರಿಗೆ ಚೆನ್ನಾಗಿ ಗೊತ್ತು. ಗೊತ್ತಿಲ್ಲದವನು ಕಂತು ಕಟ್ಟುವವನು.

6. ಉಪಸಂಹಾರಕ್ಕೆ ಮುಂಚೆ

ವರ್ಷಕ್ಕೆ 7,000 ಮಿ.ಮೀ. ದಾಟುವ ಆಗುಂಬೆಯವರಿಗೆ 245 ಎಂದರೆ ಆಷಾಢದ ಒಂದು ದಿನ. ಅಲ್ಲಿ ಸೂರು ಇಳಿಜಾರು, ನೀರಿಗೆ ದಾರಿಯಿದೆ. ಮಳೆಯ ಅಳತೆಯೊಂದೇ ಯಾರನ್ನೂ ಮುಳುಗಿಸುವುದಿಲ್ಲ. ಧರ್ಮಾಂಬುಧಿ ಕೆರೆಯ ಮೇಲೆ ಮೆಜೆಸ್ಟಿಕ್ ಬಸ್ ನಿಲ್ದಾಣ ಕಟ್ಟಿದ ಬೆಂಗಳೂರಿನವರಾದ ನಮಗೆ ಇದನ್ನು ಯಾರೂ ಕಲಿಸಬೇಕಿಲ್ಲ.

ಮಾಂಗೆರೆಯದೂ ಇದೇ ಕತೆ. ಆರ್ಫಿಯಸ್ ಒಡೆದ 1863ರಲ್ಲೇ, ಜುಲೈನಲ್ಲಿ, ಗವರ್ನರ್ ಗ್ರೇ ಇಲ್ಲಿನ ಮಾವೋರಿಗಳಿಗೆ ರಾಣಿಗೆ ನಿಷ್ಠೆಯ ಪ್ರಮಾಣ ಮಾಡಿ, ಇಲ್ಲವೇ ಜಾಗ ಖಾಲಿ ಮಾಡಿ ಎಂದ. ಬಿಟ್ಟುಹೋದವರ ನೆಲ ಮುಟ್ಟುಗೋಲಾಯಿತು. 1960ರಲ್ಲಿ ಇದೇ ದಂಡೆಗೆ ನಗರದ ಕೊಳಚೆ ಶುದ್ಧೀಕರಣದ ಹೊಂಡಗಳು ಬಂದವು. ಸರ್ಕಾರಿ ಮನೆಗಳು ಬಂದವು. ತೆ ಅರರಾತಾ, ಹರಾನಿಯಾ ಎಂಬ ಹಳ್ಳಗಳು ಮೋರಿ, ಸೇತುವೆ, ಒಡ್ಡುಗಳ ನಡುವೆ ಇಕ್ಕಟ್ಟಾದವು. 2023ರ ಆ ರಾತ್ರಿ ನೀರು ಯಾರ ಮನೆಗೆ ಹೋಗಬೇಕೆಂದು ಮೋಡ ತೀರ್ಮಾನಿಸಲಿಲ್ಲ. ಅದು ಕಚೇರಿಗಳಲ್ಲಿ, ಸಹಿ ಮೊಹರಿನೊಂದಿಗೆ, ನೂರ ಅರವತ್ತು ವರ್ಷಗಳ ಕಾಲ ತೀರ್ಮಾನವಾಗಿತ್ತು. ಇದನ್ನು ಹವಾಮಾನ ವೈಪರೀತ್ಯ ಎಂದು ಮಾತ್ರ ಕರೆದು ಕೈ ತೊಳೆದುಕೊಳ್ಳುವವರ ಮೇಲೆ ನನಗೆ ಸಿಟ್ಟಿದೆ. ಆ ಸಿಟ್ಟಿಗೆ ಯಾವ ಪಾರಿಭಾಷಿಕ ಪದವೂ ಬೇಡ. ಹಾಸಿಗೆ, ಮಕ್ಕಳ ಪುಸ್ತಕ, ಊರಿಂದ ತಂದ ಮದುವೆ ಆಲ್ಬಂಗಳನ್ನು ರಸ್ತೆ ಬದಿಯ ಕಸದ ರಾಶಿಗೆ ಹಾಕಿ ಬಂದವರ ಮುಂದೆ ‘ಪುನಶ್ಚೇತನ ಸಾಮರ್ಥ್ಯ’ ಎಂಬ ಸ್ಲೈಡು ತೋರಿಸುವುದಕ್ಕೆ ನಾಚಿಕೆಯಾಗಬೇಕು.

7. ಉಪಸಂಹಾರ

ನಗರದ ತುರ್ತು ವ್ಯವಸ್ಥೆ ಸಿದ್ಧವಾಗಿರಲಿಲ್ಲವೆಂದು ಮಾಜಿ ಪೊಲೀಸ್ ಮುಖ್ಯಸ್ಥ ಮೈಕ್ ಬುಷ್ ತಮ್ಮ ಪರಿಶೀಲನಾ ವರದಿಯಲ್ಲೇ ಬರೆದರು. ಆದ್ದರಿಂದ ವ್ಯವಸ್ಥೆಯನ್ನು ಕಾಯುತ್ತಾ ಕೂರಬೇಡಿ. ಮನುಕಾವ್‌ನಲ್ಲಿ ಮನೆ ಹುಡುಕುತ್ತಿರುವ ಕನ್ನಡಿಗರು ಬಾಂಡ್ (ಠೇವಣಿ) ಕಟ್ಟುವ ಮುಂಚೆ ಆಕ್ಲೆಂಡ್ ಕೌನ್ಸಿಲ್ಲಿನ ‘ಫ್ಲಡ್ ವ್ಯೂವರ್’ ನಕ್ಷೆಯಲ್ಲಿ ವಿಳಾಸ ಹಾಕಿ ನೋಡಿ, ನೀರು ಹರಿಯುವ ದಾರಿ ಅದರಲ್ಲಿ ಕಾಣುತ್ತದೆ. ಅದು ಉಚಿತ. ಬಾಡಿಗೆ ಮನೆಯಾದರೂ ನಿಮ್ಮ ಸಾಮಾನಿಗೆ ವಿಮೆ ಮಾಡಿಸಿ. ಈ ಪ್ರಬಂಧದಲ್ಲಿ ಉಪಯೋಗಕ್ಕೆ ಬರುವ ಮಾತು ಇಷ್ಟೇ.