ಗಾಳಿಗೂ ಬೇಲ್ ಪ್ರೆಸ್ಸು

ಆದವಾನಿಯ ನಮ್ಮ ಮಾವ ಹತ್ತಿ ವ್ಯಾಪಾರದವರು. ಏನನ್ನೇ ಆಗಲಿ, ತೂಕ ನೋಡಿಯೇ ನಂಬುವವರು. ನನ್ನ ಹೊಸ ಟರ್ಬೊ ಕಾರಿನ ಬಾನೆಟ್ ಎತ್ತಿಸಿ ಇಣುಕಿದವರೇ, "ಏನಪ್ಪಾ ಅಳಿಯ, ಎಂಜಿನ್ ಇಡೋದು ಮರೆತಾರೇನು?" ಎಂದರು.

ಮೂರೇ ಸಿಲಿಂಡರು, ಒಂದು ಲೀಟರಿಗೂ ಕೂದಲೆಳೆ ಕಡಿಮೆ, ಆದರೂ 100 ಕುದುರೆ ಶಕ್ತಿ ಮಾವ, ಎಂದೆ. 1489 ಸಿಸಿಯ ಅವರ ಹಳೇ ಅಂಬಾಸಿಡರಿಗೆ ಅದರ ಅರ್ಧವೇ ಹೆಚ್ಚು. 2013ರಲ್ಲಿ ಫೋರ್ಡ್ ಇಕೋಸ್ಪೋರ್ಟಿಗೆ ಬಂದ 999 ಸಿಸಿ ಎಂಜಿನ್ನಿನ ಬ್ಲಾಕು ಎ4 ಹಾಳೆಯ ಮೇಲೆ ಕೂರುತ್ತಿತ್ತು ಅಂತಲೂ ಸೇರಿಸಿದೆ. "ಹಾಳೆ ಮೇಲೆ ಎಲ್ಲಾ ವ್ಯಾಪಾರನೂ ಲಾಭನೇ" ಅಂದರು.

ಆದರೆ ಟರ್ಬೊ ಅವರಿಗೆ ತಿಳಿದಷ್ಟು ಬೇಗ ನನಗೇ ತಿಳಿದಿರಲಿಲ್ಲ. ಸೈಲೆನ್ಸರಿಗೆ ಹೊರಟ ಬಿಸಿ ಹೊಗೆ ಒಂದು ಪುಟ್ಟ ಚಕ್ರ ತಿರುಗಿಸುತ್ತದೆ, ಅದೇ ದಂಡಿಗೆ ಕೂತ ಇನ್ನೊಂದು ಚಕ್ರ ಗಾಳಿಯನ್ನು ಅದುಮಿ ಎಂಜಿನ್ನಿಗೆ ತುರುಕುತ್ತದೆ ಎನ್ನುವಷ್ಟರಲ್ಲಿ, "ಆತು ಬಿಡು, ಗಾಳಿಗೆ ಬೇಲ್ ಪ್ರೆಸ್ಸು!" ಎಂದುಬಿಟ್ಟರು. 170 ಕಿಲೋ ಹತ್ತಿ ಅದುಮಿ ಬೇಲ್ ಕಟ್ಟಿಸುವವರಿಗೆ ಇನ್ನೇನು ವಿವರಿಸುವುದು?

ಮಾನ ಹೋದದ್ದು ಮಂತ್ರಾಲಯದ ದಾರಿಯಲ್ಲಿ. ಎಮ್ಮಿಗನೂರಿನ ಈಚೆ ಹತ್ತಿ ಲಾರಿಯೊಂದು ರಸ್ತೆ ತುಂಬಾ ತೇಲುತ್ತಿತ್ತು. ನಾಲ್ಕನೇ ಗೇರಿನಲ್ಲೇ ಆಕ್ಸಿಲರೇಟರ್ ಒತ್ತಿದೆ. ಕಾರು ಯೋಚನೆಗೆ ಬಿತ್ತು. ಹೊಗೆಯ ರಭಸ ಸಾಲದೆ ಚಕ್ರ ಇನ್ನೂ ಎದ್ದಿರಲಿಲ್ಲ. "ಕುದುರೆಗಳು ಇನ್ನೂ ಮೇವು ತಿಂತಾವೇನು?" ಮೂರಕ್ಕೆ ಇಳಿಸಿದೆ, 1800 ಸುತ್ತು ದಾಟಿತು ನೋಡಿ, ಕಾರು ನೆಗೆದ ರಭಸಕ್ಕೆ ಮಾವ ರಾಯರನ್ನು ಅಲ್ಲೇ ನೆನೆದರು.

ವಾರ ಕಳೆದು ಕಾರು ಮತ್ತೆ ಮಂಕಾಯಿತು. ತೆಲುಗು, ಕನ್ನಡ, ಉರ್ದು ಮೂರನ್ನೂ ಒಂದೇ ವಾಕ್ಯದಲ್ಲಿ ಮುಗಿಸುವ ಮೆಕಾನಿಕ್ ಏರ್ ಫಿಲ್ಟರ್ ಎಳೆದು ತೋರಿಸಿದ. ಮಡಿಕೆ ಮಡಿಕೆಗೂ ಜಿನ್ನಿಂಗ್ ಮಿಲ್ಲುಗಳ ಹತ್ತಿ ನಾರು, ಮೇಲೆ ಕೆಂಪು ಧೂಳು. ಮಾವ ಬೆರಳಲ್ಲಿ ಹಿಂಜಿ ನೋಡಿ, "ಎಳೆ ಗಿಡ್ಡ, ರೇಟು ಬರಲ್ಲ" ಎಂದರು.

ಮೆಕಾನಿಕ್ ಇನ್ನೊಂದು ಮಾತು ಹೇಳಿದ. ನಿಮಿಷಕ್ಕೆ ಲಕ್ಷ ಸುತ್ತು ಮೀರುವ ಆ ದಂಡಿಗೆ ಆಯಿಲೇ ಆಸರೆ. ಜೋರಾಗಿ ಓಡಿಸಿ ಬಂದು ತಟ್ಟನೆ ಆಫ್ ಮಾಡಿದರೆ ಆಯಿಲ್ ನಿಂತಲ್ಲೇ ಸುಟ್ಟು ಕರಿಕಾಗಿ ಬೇರಿಂಗ್ ತಿನ್ನುತ್ತದೆ. ಆಮೇಲೆ ನೀಲಿ ಹೊಗೆ, ಆಮೇಲೆ ದೊಡ್ಡ ಬಿಲ್ಲು. ಆದ್ದರಿಂದ ಆದವಾನಿ ಯಾರ್ಡಿನ ಮುಂದೆ ಕಾರು ನಿಲ್ಲಿಸಿಯೂ ಎಂಜಿನ್ ಆರಿಸದೆ ಒಬ್ಬ ಒಂದು ನಿಮಿಷ ಸುಮ್ಮನೆ ಕೂತಿದ್ದರೆ ದಯವಿಟ್ಟು ಕಿಟಕಿ ಬಡಿಯಬೇಡಿ. ಮಾವ ಒಬ್ಬರು ಬಡಿಯುತ್ತಿರುವುದೇ ಸಾಕಾಗಿದೆ.