ಚೀಲದ ಬಾಲ್ಕನಿ

ನಮ್ಮ ಕಾಫಿ ಗೋಡೌನಿನ ನಡುಮಧ್ಯ ನಿಂತು ಒಂದು ಚಪ್ಪಾಳೆ ತಟ್ಟಿದರೆ ಜನವರಿಯಲ್ಲಿ ‘ಟಪ್’ ಎನ್ನುತ್ತದೆ, ಏಪ್ರಿಲ್‌ನಲ್ಲಿ ‘ಟಪಪಪಪ’ ಎನ್ನುತ್ತದೆ. ಇದು ನನ್ನ ಮೂರು ವರ್ಷಗಳ ಸಂಶೋಧನೆಯ ಫಲ. ಸಂಶೋಧನೆ ನಡೆಯುವಾಗ ಕಣದಲ್ಲಿ ನಿಂತು ನೋಡುತ್ತಿದ್ದ ನಮ್ಮ ಮೇಸ್ತ್ರಿ, ‘ಅಣ್ಣ ಒಳಗೆ ಒಬ್ರೇ ಚಪ್ಪಾಳೆ ಹೊಡ್ಕೊಳ್ತಾ ಇದಾರೆ’ ಎಂದು ನನ್ನ ಹೆಂಡತಿಗೆ ವರದಿ ಒಪ್ಪಿಸಿದನಂತೆ. ಆಕೆ, ‘ಹೊಡ್ಕೊಳ್ಲಿ ಬಿಡು, ಬೇರೆ ಯಾರು ಹೊಡೀತಾರೆ ಅವರಿಗೆ’ ಎಂದಳಂತೆ.

ವಿಷಯ ಇಷ್ಟೆ. ಕೊಯ್ಲು ಮುಗಿಯುತ್ತಾ ಬಂದ ಹಾಗೆ, ಕಣದಲ್ಲಿ ಒಣಗಿದ ಕಾಫಿ ಚೀಲ ಸೇರಿ, ಚೀಲಗಳು ಗೋಡೆಯುದ್ದಕ್ಕೂ ಅಟ್ಟಿಯಾಗುತ್ತವೆ. ಗೋಣಿಗೂ ಕಾಫಿಗೂ ಸದ್ದು ನುಂಗುವ ಗುಣವಿದೆ. ದೊಡ್ಡ ಥಿಯೇಟರಿನವರು ಲಕ್ಷಗಟ್ಟಲೆ ಸುರಿದು ಗೋಡೆಗೆ ಮೆತ್ತನೆ ಹಲಗೆ ಹೊಡೆಸಿ ಮಾಡಿಸುವ ಕೆಲಸವನ್ನು ನನ್ನ ರೋಬಸ್ಟಾ ಪುಕ್ಕಟೆ ಮಾಡುತ್ತದೆ. ಮಗ ಬೆಂಗಳೂರಿನಿಂದ ತಂದುಕೊಟ್ಟ ಪ್ರೊಜೆಕ್ಟರ್, ಐದು ಸ್ಪೀಕರ್, ಒಂದು ಸಬ್‌ವೂಫರ್, ಸುಣ್ಣ ಹೊಡೆದ 9 ಅಡಿ ಅಗಲದ ಗೋಡೆ. ಇದು ನನ್ನ ಟಾಕೀಸು. ಸ್ಕೋಪ್ ಸಿನಿಮಾ ಹಾಕಿದರೆ ಆ ಗೋಡೆಯ ಮೇಲೆ ಚಿತ್ರದ ಎತ್ತರ 3 ಅಡಿ 10 ಇಂಚು, ಮೇಲೆ ಕೆಳಗೆ ಕಪ್ಪು. ಬಂದ ನೆಂಟರೆಲ್ಲ ‘ಅಷ್ಟು ಜಾಗ ದಂಡ ಮಾಡಿದೀರಲ್ಲ, ಗೋಡೆ ತುಂಬ ಬರೋ ಹಾಗೆ ಎಳೀರಿ’ ಎನ್ನುತ್ತಾರೆ. ಎಳೆದರೆ ಮನುಷ್ಯರು ಹುರುಳಿಕಾಯಿಯ ಹಾಗೆ ಉದ್ದವಾಗುತ್ತಾರೆ. ನಾನು ಬದುಕಿರುವವರೆಗೆ ಈ ಗೋಡೆಯ ಮೇಲೆ ಯಾರೂ ಅಣ್ಣಾವ್ರನ್ನು ಎಳೆಯುವ ಹಾಗಿಲ್ಲ.

ಕೂರುವ ವ್ಯವಸ್ಥೆಯೂ ಕಾಫಿಯದೇ. ಮುಂದೆ ಒಂದೇ ಚೀಲದ ಸಾಲು, ಅದು ಗಾಂಧಿ ಕ್ಲಾಸು. ಹಿಂದೆ ಎರಡು ಚೀಲದ ಎತ್ತರ, ಅದರ ಹಿಂದೆ ನಾಲ್ಕು ಚೀಲದ ಎತ್ತರದಲ್ಲಿ ಬಾಲ್ಕನಿ. ಗಾಂಧಿ ಕ್ಲಾಸಿಗೆ ರೋಬಸ್ಟಾ ಚೆರ್ರಿ, ಅದು ಗಟ್ಟಿ, ಕೂತರೆ ಒತ್ತುತ್ತದೆ. ಬಾಲ್ಕನಿಗೆ ಅರೇಬಿಕಾ ಪಾರ್ಚ್‌ಮೆಂಟ್, ಕೂತವರ ಆಕಾರಕ್ಕೆ ಒಗ್ಗಿಕೊಳ್ಳುತ್ತದೆ. ಪಾರ್ಚ್‌ಮೆಂಟ್ ಹೆಂಗಸರ ತೆಳು ದನಿಯನ್ನೂ ಚೆರ್ರಿ ವಿಲನ್ನಿನ ಗಡುಸು ದನಿಯನ್ನೂ ಚೆನ್ನಾಗಿ ಹೀರುತ್ತವೆ ಎಂಬುದು ನನ್ನ ಅಭಿಪ್ರಾಯ. ವಿಜ್ಞಾನವಲ್ಲ, ಅಭಿಪ್ರಾಯ.

ಇಷ್ಟೆಲ್ಲ ಹುಚ್ಚು ಹತ್ತಲು ಕಾರಣ ಒಂದು ಬಸ್ಸು. ನಮ್ಮ ತೋಟ ಇರುವುದು ಕೊಟ್ಟಿಗೆಹಾರದಿಂದ ಕಳಸಕ್ಕೆ ಹೋಗುವ ದಾರಿಯಲ್ಲಿ. ನಾನು ಹುಡುಗನಾಗಿದ್ದಾಗ ಸಿನಿಮಾ ಎಂದರೆ ಮೂಡಿಗೆರೆ. ಫಸ್ಟ್ ಶೋ ಬಿಡುವುದು ಒಂಬತ್ತಕ್ಕೆ, ನಮ್ಮ ಕಡೆಗೆ ಕೊನೆ ಬಸ್ಸು ಎಂಟೂವರೆಗೆ. ಹೀಗಾಗಿ ವಿಲನ್ ನಾಯಕನ ತಾಯಿಯನ್ನು ಹೊತ್ತೊಯ್ಯುವ ಹೊತ್ತಿಗೆ ಸರಿಯಾಗಿ ನಮ್ಮಪ್ಪ ‘ಏಳು, ಏಳು’ ಎಂದು ನನ್ನನ್ನು ಹೊತ್ತೊಯ್ಯುತ್ತಿದ್ದರು. ಬಸ್ಸಿನಲ್ಲಿ ಕಂಡಕ್ಟರ್ ಟಿಕೆಟ್ ಹರಿಯುತ್ತಾ, ‘ಎಲ್ಲಿಗೆ ಬಿಟ್ಟು ಬಂದ್ರಿ?’ ಎನ್ನುತ್ತಿದ್ದ. ‘ಹೀರೋ ಜೀಪು ಹತ್ತಿದ.’ ‘ಹಾಗಾದ್ರೆ ಇನ್ನೆಂತ ಇಲ್ಲ. ತಾಯಿನ ಡ್ರಮ್ಮುಗಳ ಮಧ್ಯ ಕಟ್ಟಿ ಹಾಕಿರ್ತಾರೆ. ಮೂರು ಜನ ಮೇಲಿಂದ ಬೀಳ್ತಾರೆ. ಪೊಲೀಸ್ ಬರುತ್ತೆ. ಬಣಕಲ್ ಯಾರ‍್ರೀ, ಬಣಕಲ್!’ ಆ ಮಹಾನುಭಾವ ಒಂದು ಸಿನಿಮಾವನ್ನೂ ನೋಡಿದವನಲ್ಲ ಎಂಬುದು ಎಷ್ಟೋ ವರ್ಷಗಳ ಮೇಲೆ ಗೊತ್ತಾಯಿತು. ಆದರೆ ಆಮೇಲೆ ಟಿವಿಯಲ್ಲಿ ಆ ಸಿನಿಮಾಗಳ ಕೊನೆಯನ್ನು ನೋಡಿದಾಗ ಅವನು ಹೇಳಿದ್ದು ಒಂದೂ ತಪ್ಪಿರಲಿಲ್ಲ.

35 ಎಂಎಂ ಫಿಲ್ಮು ಸೆಕೆಂಡಿಗೆ 24 ಚಿತ್ರಗಳಂತೆ ಓಡಿದರೆ ನಿಮಿಷಕ್ಕೆ 90 ಅಡಿ ಖರ್ಚು. ಅರ್ಧ ಗಂಟೆಗೆ 2,700 ಅಡಿ. ಎಸ್ಸೆಸ್ಸೆಲ್ಸಿ ಮುಗಿಯುವುದರೊಳಗೆ ಹಾಗೆ ಅರುವತ್ತು ಸಿನಿಮಾ ನೋಡಿದ್ದೇನೆ ಎಂದಿಟ್ಟುಕೊಂಡರೂ ನನಗೆ ಬರಬೇಕಾದ ಬಾಕಿ 49 ಕಿಲೋಮೀಟರ್ ಫಿಲ್ಮು. ನಮ್ಮ ಮನೆಯಿಂದ ಬಿಚ್ಚುತ್ತಾ ಹೊರಟರೆ ಮೂಡಿಗೆರೆಗೆ ಹೋಗಿ ವಾಪಸ್ ಕೊಟ್ಟಿಗೆಹಾರಕ್ಕೆ ಬಂದು ನೀರ್‌ದೋಸೆ ತಿನ್ನುವಷ್ಟು ಉದ್ದ.

ನೋಡಿದಷ್ಟನ್ನಾದರೂ ಕೇಳಿದೆನೋ? ತಗಡಿನ ಮಾಡಿನ ಮೇಲೆ ಜುಲೈ ಮಳೆ ಹುಯ್ಯುವಾಗ ಪರದೆಯ ಮೇಲೆ ಬಾಯಿ ಮಾತ್ರ ಆಡುತ್ತಿತ್ತು. ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನ’ 1934ರಲ್ಲೇ ಬಂದಿತ್ತು. ನಮಗೆ ಮಾತ್ರ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎಲ್ಲವೂ ಮೂಕಿ ಚಿತ್ರವೇ. ಹಾಗಾಗಿ ಸೌಂಡಿನ ವಿಷಯದಲ್ಲಿ ನಾನು ಸ್ವಲ್ಪ ಅತಿ ಮಾಡುತ್ತೇನೆ ಅಂದರೆ ಓದುಗರು ಕ್ಷಮಿಸಬೇಕು. ಹೆಂಡತಿ ಕ್ಷಮಿಸಿಲ್ಲ.

ಈಗ ಸಿನಿಮಾದ ಬಗ್ಗೆ ನನ್ನ ಅಭಿಪ್ರಾಯಗಳು. ನನ್ನ ಜೊತೆ ಸಿನಿಮಾ ನೋಡಿದವರು ಎರಡನೇ ಸಲ ಬರುವುದಿಲ್ಲ ಎಂಬ ಮಾತಿದೆ. ಬರಲು ಧೈರ್ಯ ಬೇಕು, ನಿಜ. ನಾಯಕಿ ‘ಇದು ನಮ್ಮಪ್ಪನ ಕಾಫಿ ಎಸ್ಟೇಟು’ ಎಂದು ಕೈ ಬೀಸಿ ತೋರಿಸುತ್ತಾಳೆ, ಕ್ಯಾಮೆರಾ ತಿರುಗಿದರೆ ಗುಡ್ಡದ ತುಂಬ ಕತ್ತರಿಸಿ ಮಟ್ಟ ಮಾಡಿದ ಟೀ! ಬೆನ್ನಿಗೆ ಬುಟ್ಟಿ, ಬುಟ್ಟಿಯ ಪಟ್ಟಿ ಹಣೆಗೆ. ಟೀ ತೋರಿಸಲೇಬೇಕೆಂದಿದ್ದರೆ ನಮ್ಮ ಕಡೆಯೇ ಕೆಳಗೂರಿನಲ್ಲಿದೆ, ಸಂಸೆಯಲ್ಲಿದೆ. ತೋರಿಸಿ ‘ಇದು ಟೀ’ ಎಂದು ಹೇಳಿ, ಯಾರು ಬೇಡ ಎಂದರು? ಕಾಫಿ ಬೆಳೆಯುವುದು ಮರದ ನೆರಳಲ್ಲಿ, ಕೊಯ್ಯುವ ಹೆಂಗಸರು ಸೊಂಟಕ್ಕೆ ಚೀಲ ಕಟ್ಟಿಕೊಳ್ಳುತ್ತಾರೆ, ಅಲ್ಲಿ ಓಡಿ ಬಂದು ತಬ್ಬಿಕೊಳ್ಳುವಷ್ಟು ಬಯಲು ಎಲ್ಲೂ ಇಲ್ಲ. ಓಡಿದರೆ ಸಿಲ್ವರ್ ಓಕಿಗೆ ಹಣೆ ಬಡಿಯುತ್ತದೆ.

ಇನ್ನು ಹಾಡು. ಕಾಫಿ ಗಿಡದ ತುಂಬ ಬಿಳಿ ಹೂವು, ಪಕ್ಕದ ಗಿಡದ ತುಂಬ ಕೆಂಪು ಹಣ್ಣು, ಒಂದೇ ಹಾಡಿನ ಒಂದೇ ಚರಣದಲ್ಲಿ. ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ತೋಟ ಬೆಳ್ಳಗಾಗುತ್ತದೆ, ಅದು ಮಾರ್ಚ್ ಏಪ್ರಿಲ್ ಮಾತು. ಹಣ್ಣು ಕೆಂಪಾಗುವುದು ನವೆಂಬರ್ ದಾಟಿದ ಮೇಲೆ. ಅಂದರೆ ಪಲ್ಲವಿಗೂ ಚರಣಕ್ಕೂ ಎಂಟು ತಿಂಗಳ ಅಂತರ. ಅಷ್ಟು ಹೊತ್ತು ಆ ಹುಡುಗ ಹುಡುಗಿ ತೋಟದಲ್ಲಿ ಏನು ಮಾಡುತ್ತಿದ್ದರು? ಮರಗಸಿ ಮಾಡಿದರೇ? ಚಿಗುರು ತೆಗೆದರೇ? ಗೊಬ್ಬರ ಹಾಕಿದ ಲಕ್ಷಣವಂತೂ ಇಲ್ಲ.

ಮಳೆ ಬಂದರೆ ನನ್ನ ತಾಳ್ಮೆ ಪೂರ್ತಿ ಹೋಗುತ್ತದೆ. ಸಿನಿಮಾದ ಮಳೆ ನೆಟ್ಟಗೆ ಬೀಳುತ್ತದೆ, ಹಿಂದೆ ಬಿಸಿಲು ಹೊಡೆಯುತ್ತಿರುತ್ತದೆ, ನಾಯಕಿ ಬರಿಗಾಲಲ್ಲಿ ಹುಲ್ಲಿನ ಮೇಲೆ ಹತ್ತು ನಿಮಿಷ ಕುಣಿದರೂ ಒಂದು ಇಂಬಳ ಹತ್ತುವುದಿಲ್ಲ. ಚಾರ್ಮಾಡಿ ಕಡೆಯಿಂದ ಬರುವ ನಮ್ಮ ಮಳೆ ಅಡ್ಡ ಬೀಸುತ್ತದೆ, ಕೊಡೆ ಹಿಡಿದವನ ಮೊಣಕಾಲಿಂದ ಮೇಲಕ್ಕೆ ಹೋಗುತ್ತದೆ. 2006ರ ಕೊನೆಯಲ್ಲಿ ಬಂದ ‘ಮುಂಗಾರು ಮಳೆ’ಯನ್ನು ಮಾತ್ರ ನಾನು ಮನ್ನಿಸುತ್ತೇನೆ. ಅದರಲ್ಲಿ ಮಳೆ ಒದ್ದೆಯಾಗಿದೆ. ಆ ಸಿನಿಮಾದ ಮೊಲ ದೇವದಾಸನ ಅಭಿನಯವೂ ಒಳ್ಳೆಯದೇ, ಮೈಯೆಲ್ಲ ನೆಂದ ಪ್ರಾಣಿಯ ಬೇಸರ ಅದರ ಮುಖದಲ್ಲಿತ್ತು.

ತಪ್ಪು ಮಾಡುವವರು ನಮ್ಮವರು ಮಾತ್ರ ಎಂದುಕೊಳ್ಳಬೇಡಿ. ಹಾಲಿವುಡ್ಡಿನ ಹಳೆಯ ಟಾರ್ಜನ್ ಚಿತ್ರಗಳಲ್ಲಿ ಆಫ್ರಿಕದ ಕಾಡು ಎಂದು ತೋರಿಸಿ ಹಿಂದಿನಿಂದ ಕೂಕಬರ ಹಕ್ಕಿಯ ಕೂಗು ಹಾಕುತ್ತಿದ್ದರು. ಕೂಕಬರ ಇರುವುದು ಆಸ್ಟ್ರೇಲಿಯ ಕಡೆ. ಮುಂಜಾನೆ ನಮ್ಮ ಹಳ್ಳದ ಬದಿಯಲ್ಲಿ ಶಾಲೆ ತಪ್ಪಿಸಿದ ಹುಡುಗನ ಹಾಗೆ ಸಿಳ್ಳೆ ಹೊಡೆಯುವ ಹಕ್ಕಿಯೊಂದಿದೆ. ಮಲೆನಾಡಿನ ಕಥೆ ಎಂದು ಹೇಳುವ ಯಾವ ಸಿನಿಮಾ ಬಂದರೂ ನಾನು ಕಣ್ಣು ಮುಚ್ಚಿ ಆ ಸಿಳ್ಳೆಗೆ ಕಾಯುತ್ತೇನೆ. ಪಕ್ಕದಲ್ಲಿ ಕೂತವರು ನಿದ್ದೆ ಎಂದುಕೊಳ್ಳುತ್ತಾರೆ.

ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರು 1973ರಲ್ಲಿ ನೀನಾಸಂ ಚಿತ್ರಸಮಾಜ ಕಟ್ಟಿ, ಅಡಿಕೆ ಸುಲಿಯುವ ಊರಿನವರಿಗೆ ಜಗತ್ತಿನ ಸಿನಿಮಾ ತೋರಿಸಿದ್ದು ಎಲ್ಲರಿಗೂ ಗೊತ್ತು. ಅಡಿಕೆಯವರಿಂದ ಆದದ್ದು ಕಾಫಿಯವರಿಂದ ಆಗುವುದಿಲ್ಲವೇ ಎಂಬ ಹಟದಿಂದ ಒಂದು ಶನಿವಾರ ಲೈನ್ ಮನೆಯವರನ್ನೆಲ್ಲ ಕರೆದು ಕುರೊಸಾವಾನ ‘ರಾಶೊಮೊನ್’ ಹಾಕಿದೆ. 1950ರ ಚಿತ್ರ, ಕಪ್ಪು ಬಿಳುಪು, ಜಪಾನಿ ಮಾತು, ಕೆಳಗೆ ಇಂಗ್ಲಿಷ್ ಅಕ್ಷರ. ಹತ್ತು ನಿಮಿಷಕ್ಕೆ ಎದ್ದು ಹೋಗುತ್ತಾರೆ ಎಂದುಕೊಂಡಿದ್ದೆ. ಮುರುಕಲು ಹೆಬ್ಬಾಗಿಲ ಮೇಲೆ ಧೋ ಎಂದು ಸುರಿಯುವ ಆ ಮಳೆಯನ್ನು ನೋಡಿದ್ದೇ ಮೇಸ್ತ್ರಿ, ‘ಇದು ಮಳೆ!’ ಎಂದ. ಸಿಕ್ಕಿತಲ್ಲ ಅವಕಾಶ ಎಂದು ನಾನು ಪಾಸ್ ಒತ್ತಿ, ಬರಿ ನೀರು ಕ್ಯಾಮೆರಾಕ್ಕೆ ಸರಿಯಾಗಿ ಕಾಣುವುದಿಲ್ಲವೆಂದು ಕುರೊಸಾವಾ ನೀರಿಗೆ ಕಪ್ಪು ಶಾಯಿ ಬೆರೆಸಿ ಸುರಿಸಿದ ಕಥೆ ಹೇಳಿದೆ. ಮೇಸ್ತ್ರಿ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಪಾಪ, ಅವರ ಕಡೆ ಮಳೆ ಕಮ್ಮಿ ಇರಬೇಕು’ ಎಂದ.

ಒಂದೇ ಕೊಲೆಯನ್ನು ನಾಲ್ಕು ಜನ ನಾಲ್ಕು ಥರ ಹೇಳುವ ಕಥೆ ಇವರಿಗೆ ಹೇಗೆ ಬಿಡಿಸಿ ಹೇಳಲಿ ಎಂಬ ನನ್ನ ಚಿಂತೆಯೂ ದಂಡವಾಯಿತು. ಸಿನಿಮಾ ಮುಗಿದ ಮೇಲೆ ಮೇಸ್ತ್ರಿಯ ಹೆಂಡತಿ ಸೆರಗು ಕೊಡವಿಕೊಂಡು ಎದ್ದು, ‘ಇದು ನಿಮ್ಮ ಕೆಳಗಿನ ತೋಟದ ಬೇಲಿ ಕೇಸೇ ಅಲ್ವಾ ಅಣ್ಣಾ? ನೀವೊಂದು ಹೇಳ್ತೀರಿ, ಅವರೊಂದು ಹೇಳ್ತಾರೆ, ಸರ್ವೆಯವನು ಒಂದು ಹೇಳ್ತಾನೆ, ಸತ್ತೋದ ನಿಮ್ಮಪ್ಪ ಒಂದು ಹೇಳಿದ್ರು’ ಎಂದಳು. ರಾಶೊಮೊನ್ ಬಗ್ಗೆ ಇದಕ್ಕಿಂತ ಒಳ್ಳೆಯ ವಿಮರ್ಶೆಯನ್ನು ನಾನು ಓದಿಲ್ಲ.

ಮೂಡಿಗೆರೆಯವರಾದ ಮೇಲೆ ತೇಜಸ್ವಿಯವರನ್ನು ಬಿಟ್ಟು ಮಾತು ಮುಗಿಯುವುದಿಲ್ಲ. ಕ್ಯಾಮೆರಾ ಹೊತ್ತು ಹಕ್ಕಿಗಳ ಹಿಂದೆ ಹೋದ, ಕಂಪ್ಯೂಟರಿನೊಳಗೆ ಕನ್ನಡವನ್ನು ಕೂರಿಸಲು ಗುದ್ದಾಡಿದ ಅವರು ನಮ್ಮಂಥ ಮರುಳರಿಗೆಲ್ಲ ಕುಲದೇವರು. ‘ಅಬಚೂರಿನ ಪೋಸ್ಟಾಫೀಸು’ ಎಂಬ ಒಂದೇ ಕಥಾಸಂಕಲನದಿಂದ ನಾಲ್ಕು ಸಿನಿಮಾ ಬಂದಿವೆ. 1973ರಲ್ಲಿ ಎನ್. ಲಕ್ಷ್ಮೀನಾರಾಯಣ್ ಪೋಸ್ಟಾಫೀಸನ್ನೇ ಮಾಡಿದರು. ಗಿರೀಶ್ ಕಾಸರವಳ್ಳಿಯವರ ‘ತಬರನ ಕಥೆ’ 1986ರ ಸಾಲಿನ ಸ್ವರ್ಣಕಮಲವನ್ನೂ, ಚಾರುಹಾಸನ್‌ಗೆ ಶ್ರೇಷ್ಠ ನಟ ಪ್ರಶಸ್ತಿಯನ್ನೂ ತಂದಿತು. ‘ಕುಬಿ ಮತ್ತು ಇಯಾಲ’ವನ್ನು ಸದಾನಂದ ಸುವರ್ಣ ಮಾಡಿದರು. 2023ರಲ್ಲಿ ತೇಜಸ್ವಿ ಓದುಗರೇ ಸೇರಿ ದುಡ್ಡು ಹಾಕಿ, ಶಶಾಂಕ್ ಸೋಗಾಲ್ ನಿರ್ದೇಶನದಲ್ಲಿ ‘ಡೇರ್‌ಡೆವಿಲ್ ಮುಸ್ತಫಾ’ ತಂದರು. ಎಕರೆಗೆ ಇಷ್ಟು ಇಳುವರಿ ನನ್ನ ತೋಟದಲ್ಲಂತೂ ಬಂದಿಲ್ಲ. ‘ತಬರನ ಕಥೆ’ ಹಾಕಿದ ರಾತ್ರಿ ಬಾಲ್ಕನಿಯಲ್ಲಿ ಕೂತಿದ್ದ ನಮ್ಮ ಹಳೆಯ ರೈಟರು ಅರ್ಧಕ್ಕೇ ಎದ್ದು ಹೊರಗೆ ಹೋಗಿ ಬೀಡಿ ಹಚ್ಚಿದರು. ಅವರ ತಂದೆಯ ಪಿಂಚಣಿಯ ಕಾಗದ ಬಂದದ್ದು ತಂದೆಯ ತಿಥಿ ಆದ ಮೇಲೆ. ಆ ದಿನ ನಾನು ಅಳತೆ, ಅಂಕಿ ಯಾವುದನ್ನೂ ಹೇಳಲಿಲ್ಲ.

ಥಿಯೇಟರಿಗೆ ಹೋಗುವುದನ್ನು ಬಿಟ್ಟಿಲ್ಲ. ಚಿಕ್ಕಮಗಳೂರಿಗೆ ಹೋಗಿ ಬರಲು 120 ಕಿಲೋಮೀಟರ್. ಹಾಗಾಗಿ ಗೊಬ್ಬರ, ಬ್ಯಾಂಕು, ಹಲ್ಲಿನ ಡಾಕ್ಟರು, ಎಲ್ಲ ಮುಗಿದು ಹೊತ್ತು ಉಳಿದರೆ ನಾಗಲಕ್ಷ್ಮಿಯೋ ಶ್ರೀಲೇಖಾವೋ. ಮನೆಯಿಂದಲೇ ಟಿಕೆಟ್ ಮಾಡೋಣವೆಂದರೆ ಸಿಗ್ನಲ್ ಸಿಗುವುದು ಮೇಲಿನ ತೋಟದ ಅತ್ತಿಮರದ ಬುಡದಲ್ಲಿ. ಅಲ್ಲಿಗೆ ಹತ್ತಿ ಸೀಟು ಆರಿಸಿದರೆ ಬ್ಯಾಂಕಿನ ಕಾರ್ಡು ಮನೆಯಲ್ಲಿ. ಕಾರ್ಡು ತರಲು ಇಳಿದರೆ ಒಟಿಪಿ ಮರದ ಬುಡಕ್ಕೆ ಬಂದು ಹೋಗಿರುತ್ತದೆ. ಬೆಂಗಳೂರಿನ ಮಲ್ಟಿಪ್ಲೆಕ್ಸಿಗೆ ಮಗ ಒಮ್ಮೆ ಕರೆದುಕೊಂಡು ಹೋಗಿದ್ದ. ಪಾಪ್‌ಕಾರ್ನ್ ದರದ ಬಗ್ಗೆ ಎಲ್ಲರೂ ಬರೆದಾಗಿದೆ, ನಾನು ಬರೆಯುವುದಿಲ್ಲ. ನಾನು ನೋಡಿದ್ದು ಗೋಡೆ. ಕೈಯಿಂದ ಒತ್ತಿ ನೋಡಿದೆ. ಚೆನ್ನಾಗಿದೆ, ಆದರೆ ಪಾರ್ಚ್‌ಮೆಂಟಿನಷ್ಟಿಲ್ಲ.

ನನ್ನ ಟಾಕೀಸಿಗೂ ತೊಂದರೆಗಳಿಲ್ಲದೆ ಇಲ್ಲ. ಮೊದಲ ಮಳೆ ಬಿದ್ದ ಸಂಜೆ ಪ್ರೊಜೆಕ್ಟರಿನ ಬೆಳಕಿಗೆ ಹಾತೆಗಳು ಮುತ್ತಿ, ನಾಯಕಿಯ ಮುಖದ ಮೇಲೆ ಹದ್ದಿನ ಗಾತ್ರದ ನೆರಳು ಹಾರಾಡುತ್ತದೆ. ‘ಜುರಾಸಿಕ್ ಪಾರ್ಕ್’ ಹಾಕಿದ ರಾತ್ರಿ ಡೈನೋಸಾರ್ ಹೆಜ್ಜೆ ಇಟ್ಟಾಗ ಸಬ್‌ವೂಫರಿಗೆ ಮಾಡಿನ ಹೆಂಚು ನಡುಗಿದವು, ಪಕ್ಕದ ತೋಟದವರು ಆನೆ ಬಂತೆಂದು ಪಟಾಕಿ ಹೊಡೆದರು. ಸೌಂಡ್ ಎಫೆಕ್ಟಿಗೆ ಸರಿಯಾಗಿ ಹೊಂದಿತು.

ನಿಜವಾದ ತೊಂದರೆ ಮಾರುಕಟ್ಟೆಯದು. 2024ರಿಂದೀಚೆಗೆ ರೋಬಸ್ಟಾ ಕಂಡ ದರವನ್ನು ನಮ್ಮಪ್ಪ ಕನಸಿನಲ್ಲೂ ಕಂಡಿರಲಿಲ್ಲ. ವಿಯೆಟ್ನಾಂನಲ್ಲಿ ಮಳೆ ಕೈಕೊಟ್ಟರೆ ನನ್ನ ಗೋಡೌನಿನಲ್ಲಿ ಎಕೋ ಶುರುವಾಗುತ್ತದೆ. ದರ ಏರಿದ ಕೂಡಲೆ ಎಲ್ಲರೂ ಮಾರುತ್ತಾರೆ, ಚೀಲ ಹೊರಗೆ ಹೋದಂತೆ ‘ಟಪ್’ ಹೋಗಿ ‘ಟಪಪಪಪ’ ಬರುತ್ತದೆ. ಜಿಲ್ಲೆಯಲ್ಲಿ ಕಾಫಿ ದರ ಬೀಳಲಿ ಎಂದು ಒಳಗೊಳಗೇ ಆಸೆಪಡುವ ಬೆಳೆಗಾರ ನಾನೊಬ್ಬನೇ ಇರಬೇಕು. ಇದನ್ನು ಬೆಳೆಗಾರರ ಸಭೆಯಲ್ಲಿ ಹೇಳುವ ಹಾಗಿಲ್ಲ.

ಮೊನ್ನೆ ಹೆಂಡತಿ ದರ ನೋಡಿ, ‘ರೀ, ಇವತ್ತು ಕೊಡದಿದ್ರೆ ಇನ್ಯಾವತ್ತೂ ಇಲ್ಲ’ ಎಂದಳು. ‘ಇನ್ನೊಂದು ವಾರ ಕಾಯೋಣ, ಏರಬಹುದು’ ಎಂದೆ. ‘ಏರಬಹುದು ಅಂತಲೋ, ಸಿನಿಮಾ ಬಾಕಿ ಇದೆ ಅಂತಲೋ?’ ನಾನು ಉತ್ತರ ಕೊಡಲಿಲ್ಲ. ಅರ್ಧ ಗಂಟೆಯೊಳಗೆ ಆಕೆ ಅತ್ತಿಮರದ ಬುಡಕ್ಕೆ ಹೋಗಿ ವ್ಯಾಪಾರಿಗೆ ಫೋನ್ ಮಾಡಿ ಬಂದಳು. ಗಾಂಧಿ ಕ್ಲಾಸು, ಬಾಲ್ಕನಿ, ಗೋಡೆ ಎಲ್ಲ ಒಟ್ಟಿಗೆ ಹೋಗುತ್ತಿದೆ.

ಲಾರಿ ಬರುವುದು ಶುಕ್ರವಾರ ಬೆಳಿಗ್ಗೆ. ಗುರುವಾರ ಸಂಜೆ ಆರೂವರೆಗೆ ಕೊನೆಯ ಆಟ ಇಟ್ಟುಕೊಂಡಿದ್ದೇನೆ, ಬಾಲ್ಕನಿಯಲ್ಲಿ ಇನ್ನೂ ಆರು ಚೀಲ ಖಾಲಿ ಇವೆ. ಬರುವವರು ಸ್ವಂತ ಗಾಡಿಯಲ್ಲಿ ಬನ್ನಿ. ಕೊನೆ ಬಸ್ಸು ಈಗಲೂ ಎಂಟೂವರೆಗೇ.