ಮಲಗಿದ ಹಲ್ಲನ್ನು ಎಬ್ಬಿಸಬೇಕೆ?

ಬುದ್ಧಿಹಲ್ಲುಗಳು ಮೂಡುವುದೇ ತಡವಾಗಿ, ಸಾಮಾನ್ಯವಾಗಿ 17ರಿಂದ 25ರ ವಯಸ್ಸಿನಲ್ಲಿ. ಅಷ್ಟರಲ್ಲಿ ದವಡೆಯ ಸೀಟೆಲ್ಲ ಭರ್ತಿ. ಜಾಗ ಸಿಗದ ಹಲ್ಲು, ಅದರಲ್ಲೂ ಕೆಳದವಡೆಯದು, ಮುಂದಿನದರ ಹೆಗಲಿಗೆ ಒರಗಿ ಮಲಗಿಬಿಡುತ್ತದೆ. ಅದರ ಮೇಲಿನ ವಸಡಿನ ಮಡಿಕೆಗೆ ಚಿತ್ರಾನ್ನದ ಅಗುಳು ಹೊಕ್ಕು ಕೊಳೆತು ಬಾವು ಬಂತೋ, ಬಾಯಿ ಎರಡು ಬೆರಳಗಲ ತೆರೆಯುವುದೂ ಕಷ್ಟ.

ಆಗ ಮನೆಮಂದಿಯೆಲ್ಲ ವೈದ್ಯರೇ. ಅಜ್ಜಿ ಲವಂಗ ಕೊಡುತ್ತಾರೆ. ಭಾವ 'ಕಿತ್ತು ಬಿಸಾಕು' ಎನ್ನುತ್ತಾನೆ. ಪಕ್ಕದ ಮನೆಯವರು 'ಕಿತ್ತರೆ ಕಣ್ಣು ಹೋಗುತ್ತೆ' ಎಂದು ಹೆದರಿಸುತ್ತಾರೆ. ಕಣ್ಣಿಗೇನೂ ಆಗುವುದಿಲ್ಲ, ಲವಂಗ, ಉಪ್ಪುನೀರು ನೋವನ್ನು ಮುಂದೂಡುತ್ತವೆ, ಅಷ್ಟೇ.

ದಂತವೈದ್ಯರು ಮೊದಲು ಇಡೀ ದವಡೆಯ ಎಕ್ಸ್‌ರೇ ತೆಗೆಸುತ್ತಾರೆ. ರೋಗವಿಲ್ಲದೆ ಮಲಗಿದ ಹಲ್ಲಿಗೆ ಕತ್ತರಿ ಹಾಕಬೇಡಿ ಎಂದು ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿ ಸಂಸ್ಥೆ 'ನೈಸ್' 2000ದಲ್ಲೇ ಹೇಳಿತ್ತು. ಅಂಥದ್ದನ್ನು ಆಗಾಗ ತೋರಿಸುತ್ತಿದ್ದರಾಯಿತು. ಪದೇ ಪದೇ ಕೀವು, ಪಕ್ಕದ ಹಲ್ಲಿಗೂ ಹುಳುಕು ಎಂದಾದರೆ ಕೀಳುವುದೇ ದಾರಿ: ವಸಡು ಬಿಡಿಸಿ, ಬೇಕಾದರೆ ಮೂಳೆ ಕೊರೆದು, ಹಲ್ಲನ್ನು ತುಂಡು ಮಾಡಿ. ಕೆಳತುಟಿಗೆ ಹೋಗುವ ನರ ಬೇರಿಗೆ ತಾಗಿಕೊಂಡಿದ್ದರೆ, ತಲೆಯಷ್ಟೇ ಕತ್ತರಿಸಿ ಬೇರನ್ನು ಅಲ್ಲೇ ಬಿಡುವ ಕೊರೊನೆಕ್ಟಮಿಯೂ ಉಂಟು.

ಆಮೇಲೆ ಸಿಗರೇಟು ಬೇಡ, ಸ್ಟ್ರಾ ಹಾಕಿ ಎಳನೀರು ಹೀರುವುದೂ ಬೇಡ. ಗುಂಡಿಯಲ್ಲಿನ ರಕ್ತದ ಹೆಪ್ಪು ಕಳಚಿದರೆ ಹಳೆಯ ನೋವೇ ವಾಸಿ ಎನಿಸುತ್ತದೆ. ಮೊದಲೆರಡು ದಿನ ತಣ್ಣನೆಯ ಗಂಜಿ, ಐಸ್‌ಕ್ರೀಮು. ಭಾವನಿಗೂ ಒಂದು ಕಪ್ ಕೊಡಿ ಎಂದು ಯಾವ ಡಾಕ್ಟರೂ ಚೀಟಿಯಲ್ಲಿ ಬರೆಯುವುದಿಲ್ಲ.